ಎಡಕ್ಕೆ ಹೊರಳುವ ಗೆರೆ

"ನೀನೇ ಎಳೆದು ನೋಡು. ನಾನು ಹೇಳಿದ್ರೆ ತಕರಾರು ಅಂತೀರ."

ಪರೀಕ್ಷಕಿ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಚಿತ್ರ ಬಿಡಿಸುವ ಆ ಆ್ಯಪಿನಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಕಚೇರಿಯವರು ಬೆನ್ನ ಹಿಂದೆ ಅವರನ್ನು ತಕರಾರಮ್ಮ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಎದುರಿಗೆ ಕುಳಿತವಳು ಆ್ಯಪಿನ ಕುಂಚಗಳನ್ನು ಮಾಡಿದವಳು. ಮನೆಯವರ ಬಾಯಲ್ಲಿ ಅವಳು ಪುಟ್ಟಿ. ಮೂವತ್ತು ದಾಟಿದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ, ನಾವೂ ಬಿಡುವುದು ಬೇಡ.

ಪುಟ್ಟಿ ಗಾಜಿನ ಮೇಲೆ ಪೆನ್ನಿಟ್ಟು ನೇರವಾಗಿ ಒಂದು ಗೆರೆ ಎಳೆದು ಕೈ ಎತ್ತಿದಳು. ಕೈ ಎತ್ತಿದ ಮೇಲೂ ಗೆರೆಯ ತುದಿ ಕೂದಲೆಳೆಯಷ್ಟು ಮುಂದೆ ಹೋಗಿ, ಎಡಕ್ಕೆ ಹೊರಳಿ ನಿಂತಿತು.

"ನೋಡಿದ್ಯಾ? ನಾವು ನಿಲ್ಲಿಸಿದ ಮೇಲೆ ಇನ್ಯಾರೋ ಮುಂದುವರಿಸಿದ ಹಾಗೆ. ಹೊರಗಡೆ ಪರೀಕ್ಷೆಗೆ ಕೊಟ್ಟಿರೋ ಇನ್ನೂರು ಜನರಲ್ಲಿ ಅರವತ್ತು ಜನ ಇದನ್ನೇ ಬರೆದಿದ್ದಾರೆ. ಶುಕ್ರವಾರ ಬಿಡುಗಡೆ, ನೆನಪಿದೆ ತಾನೆ?"

"ಊಹೆ ಜಾಸ್ತಿಯಾಗಿದೆ ಮೇಡಂ. ಸರಿ ಮಾಡ್ತೀನಿ," ಎಂದಳು ಪುಟ್ಟಿ. ಆ ಹೊರಳು ಯಾರದೆಂದು ಅವಳಿಗೆ ನೋಡಿದ ಕೂಡಲೇ ತಿಳಿದಿತ್ತು.

ಕೈಗಿಂತ ಪರದೆ ಯಾವಾಗಲೂ ಒಂದು ಹೆಜ್ಜೆ ನಿಧಾನ. ಅದು ಕಣ್ಣಿಗೆ ಬೀಳದಿರಲೆಂದು, ಕೈ ಮುಂದೆ ಎಲ್ಲಿಗೆ ಹೋದೀತೆಂದು ಊಹಿಸಿ ಆ್ಯಪ್ ಒಂದು ಚೂರು ಗೆರೆಯನ್ನು ಮೊದಲೇ ಎಳೆದುಬಿಡುತ್ತದೆ. ಕೈ ಅತ್ತ ಬಾರದಿದ್ದರೆ ಅಳಿಸುತ್ತದೆ. ಹೀಗೆ ಊಹಿಸಲು ಅದಕ್ಕೆ ನಿಜವಾದ ಕೈಗಳ ಗೆರೆಗಳನ್ನು ತೋರಿಸಿ ಕಲಿಸಬೇಕು. ಪುಟ್ಟಿ ಇಪ್ಪತ್ತು ಜನರಿಂದ ತಲಾ ಐವತ್ತು ಗೆರೆ ಎಳೆಸಿದ್ದಳು. ಇಪ್ಪತ್ತೊಂದನೆಯವಳು ಅವಳ ಅಕ್ಕ. ಅಕ್ಕನವು ನಾಲ್ಕು ಸಾವಿರ. ಕಲಿಸುವ ಮುನ್ನ ಎಲ್ಲರ ಪಾಲನ್ನೂ ಸಮ ಮಾಡಬೇಕು, ಈ ಕೆಲಸದಲ್ಲಿ ಅದು ಮೊದಲ ಪಾಠ. ಆದರೆ ಅಕ್ಕನ ಒಂದೇ ಒಂದು ಗೆರೆಯನ್ನು ಆಚೆ ಹಾಕಲೂ ಪುಟ್ಟಿಗೆ ಮನಸ್ಸು ಬರಲಿಲ್ಲ. ಅಕ್ಕ ತೀರಿಕೊಂಡು ಆಗ ಹನ್ನೊಂದು ದಿನವಾಗಿತ್ತು. ಆ್ಯಪ್ ಈಗ ಅಕ್ಕನ ಕೈಯನ್ನು ಎಷ್ಟು ನಂಬಿತ್ತೆಂದರೆ, ಅಳಿಸುವುದನ್ನೇ ಬಿಟ್ಟಿತ್ತು.

ಅಕ್ಕ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದಳು. ಏಣಿಯ ಮೇಲೆ ನಿಂತು, ಪ್ರತಿ ಗೆರೆಯ ಕೊನೆಗೆ ಕುಂಚವನ್ನು ಎಡಕ್ಕೆ ಹೊರಳಿಸಿ ಎತ್ತುತ್ತಿದ್ದಳು, ಬಣ್ಣ ಸೋರಬಾರದೆಂದು. ಅವಳು ಹಾಸಿಗೆ ಹಿಡಿದಾಗ ಪುಟ್ಟಿ ಟ್ಯಾಬ್ಲೆಟ್ ಕೊಟ್ಟು, "ಸುಮ್ನೆ ಗೆರೆ ಎಳೀತಿರು ಅಕ್ಕ, ನನ್ನ ಕೆಲಸಕ್ಕೆ ಬೇಕು," ಎಂದಿದ್ದಳು. ಅಷ್ಟೇನೂ ಬೇಕಿರಲಿಲ್ಲ. ಹೊತ್ತು ಹೋಗಲಿ ಎಂದು ಆಡಿದ ಮಾತು ಅದು. ಗಾಜಿನ ಮೇಲೆ ಸೋರುವುದಕ್ಕೆ ಏನಿದೆ? ಆದರೂ ಅಕ್ಕ ಹೊರಳಿಸಿಯೇ ಎತ್ತುತ್ತಿದ್ದಳು.

ಮಧ್ಯಾಹ್ನ ಪುಟ್ಟಿ ಹೊರಗಿನವರು ಕಳಿಸಿದ ಚಿತ್ರಗಳನ್ನು ತೆರೆದಳು. ಒಂದು ಕುದುರೆ, ಯಾರದೋ ಬೋಳುತಲೆಯ ಮಾವ, ಮಗುವೊಂದು ಬಿಡಿಸಿದ ಬಸ್ಸು. ಕುದುರೆಯ ಬಾಲ, ಮಾವನ ಮೀಸೆ, ಬಸ್ಸಿನ ಕಿಟಕಿ, ಎಲ್ಲವೂ ಕೊನೆಗೆ ಎಡಕ್ಕೆ ಹೊರಳಿದ್ದವು. ಗುರುತು ಪರಿಚಯವಿಲ್ಲದವರ ಮನೆಗಳಲ್ಲಿ ಅಕ್ಕ ಒಬ್ಬೊಬ್ಬರ ಪಕ್ಕದಲ್ಲೂ ಕುಳಿತು ಕೈ ಹಾಕುತ್ತಿದ್ದಳು. ಪುಟ್ಟಿಗೆ ಹೆದರಿಕೆಯಾಯಿತು, ಅದರ ಬೆನ್ನಿಗೇ ಯಾರಿಗೂ ಹೇಳಿಕೊಳ್ಳಲಾಗದಂಥ ಸಂತೋಷವೂ ಆಯಿತು. ಆದರೆ ಶುಕ್ರವಾರದೊಳಗೆ ಅವಳನ್ನು ಅಲ್ಲಿಂದ ಎಬ್ಬಿಸಬೇಕಿತ್ತು, ಅದೂ ಪುಟ್ಟಿಯೇ.

ಮರುದಿನ ಅಕ್ಕನ ಗೆರೆಗಳನ್ನು ತಾರೀಖಿನ ಪ್ರಕಾರ ಹರಡಿಕೊಂಡು ಕುಳಿತಳು. ಐವತ್ತು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಬೇಕು. ಮೊದಲ ವಾರದವು ಬೋರ್ಡಿನ ಅಕ್ಷರದಷ್ಟೇ ಗಟ್ಟಿಯಾಗಿದ್ದವು. ಆಮೇಲೆ ನಡುಕ ಶುರುವಾಗಿ, ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಗಿತ್ತು. ಕೊನೆಯ ಮೂರು ದಿನಗಳಿಗೆ ಬಂದಾಗ ಪುಟ್ಟಿ ಮತ್ತೆ ಮತ್ತೆ ನೋಡಿದಳು. ನಡುಕ ಇದ್ದಕ್ಕಿದ್ದಂತೆ ಮಾಯವಾಗಿತ್ತು. ಪೆನ್ನು ಗಾಜನ್ನು ಒತ್ತುವ ಭಾರ ಎರಡರಷ್ಟಾಗಿತ್ತು. ಹೊರಳು ಮಾತ್ರ ಹಾಗೇ ಇತ್ತು. ಆ ಮೂರು ದಿನ ಅಕ್ಕನಿಗೆ ನೀರಿನ ಲೋಟ ಎತ್ತಲೂ ಆಗುತ್ತಿರಲಿಲ್ಲವೆಂದು ಪುಟ್ಟಿ ಫೋನಿನಲ್ಲಿ ಕೇಳಿ ತಿಳಿದಿದ್ದಳು. ಕೆಲಸವಿದೆಯೆಂದು ಹೋಗಿರಲಿಲ್ಲ.

ತಡೆಯಲಾರದೆ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ಕೊನೇ ಮೂರು ದಿನ ಗೆರೆ ಎಳೆದಿದ್ದು ಯಾರು?"

"ಅವಳೇ. ಪೆನ್ನು ಜಾರ್ತಿತ್ತು, ನಾನು ಅವಳ ಕೈ ಮೇಲೆ ಕೈಯಿಟ್ಟು ಹಿಡ್ಕೊಂಡಿದ್ದೆ. ಸಾಕು ಮಲ್ಕೋ ಅಂದ್ರೆ ಕೇಳ್ಬೇಕಲ್ಲ. ಪುಟ್ಟಿ ಕೆಲಸ ನಿಂತೋಗುತ್ತೆ ಅಂತಿದ್ಲು. ನಾನು ನೆಟ್ಟಗೆ ಎತ್ತಿದ್ರೆ ಬೈತಿದ್ಲು, ಹೊರಳಿಸಮ್ಮ, ಸೋರುತ್ತೆ ಅಂತ."

"ಅಷ್ಟೊಂದು ಬೇಕಿರ್ಲಿಲ್ಲಮ್ಮ."

"ಅದನ್ನ ಆಗಲೇ ಬಂದು ಹೇಳ್ಬೇಕಿತ್ತು," ಎಂದಳು ಅಮ್ಮ. ಬೈಗುಳದ ದನಿಯಾಗಿರಲಿಲ್ಲ ಅದು. ಬೈದಿದ್ದರೆ ಪುಟ್ಟಿಗೆ ಹಗುರಾಗುತ್ತಿತ್ತು.

ಒಬ್ಬರ ಪಾಲಿನಲ್ಲಿ ಒಂದೇ ಕೈ ಇರಬೇಕೆಂಬುದು ಇನ್ನೊಂದು ನಿಯಮ. ಆ ಮೂರು ದಿನಗಳವನ್ನು ಪುಟ್ಟಿ ಮೊದಲು ತೆಗೆದಳು. ಉಳಿದವುಗಳಲ್ಲಿ ಐವತ್ತನ್ನು ಆರಿಸಿ, ಆ್ಯಪಿಗೆ ಮತ್ತೆ ಮೊದಲಿನಿಂದ ಕಲಿಸಿದಳು. ಗುರುವಾರ ಪರೀಕ್ಷಕಿ ಹತ್ತಾರು ಗೆರೆ ಎಳೆದು ನೋಡಿ, "ಪರವಾಗಿಲ್ಲ. ನಿಲ್ಲಿಸಿದ್ರೆ ನಿಲ್ಲುತ್ತೆ," ಎಂದರು. ತಕರಾರಮ್ಮನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ. ಶುಕ್ರವಾರ ಎಲ್ಲರೂ ಚಪ್ಪಾಳೆ ತಟ್ಟಿದರು, ಪುಟ್ಟಿಯೂ ತಟ್ಟಿದಳು.

ಭಾನುವಾರ ಬೆಳಿಗ್ಗೆ ಅಮ್ಮನೇ ಫೋನ್ ಮಾಡಿದಳು.

"ಅಕ್ಕನ ಟ್ಯಾಬ್ಲೆಟ್‌ನಲ್ಲಿ ಏನೋ ಬಂದಿದೆ ಕಣೇ. ಹೊಸದು ಹಾಕ್ಕೊಳ್ಳಲಾ ಅಂತ ಕೇಳ್ತಿದೆ. ಹೂಂ ಅಂತ ಒತ್ತಲಾ?"

ಪರೀಕ್ಷೆಯ ಆ ಇನ್ನೂರರಲ್ಲಿ ಅಕ್ಕನ ಟ್ಯಾಬ್ಲೆಟ್ಟೂ ಒಂದೆಂಬುದು ಪುಟ್ಟಿಗೆ ಮರೆತೇ ಹೋಗಿತ್ತು. ಅದರಲ್ಲಿ ಇನ್ನೂ ಹಳೆಯ ಆ್ಯಪೇ ಇತ್ತು.

"ನೀನು ಅದರಲ್ಲಿ ಏನು ಮಾಡ್ತೀಯಮ್ಮ?"

"ಏನಿಲ್ಲ. ಬೆಳಿಗ್ಗೆ ಹೊತ್ತು ಸುಮ್ನೆ ಗೆರೆ ಎಳೀತೀನಿ." ಅಮ್ಮನ ದನಿ ತಗ್ಗಿತು. "ನಾನು ನೆಟ್ಟಗೇ ಎತ್ತೋದು. ಅವಳು ಬಿಡಲ್ಲ."

"ಬೇಡ ಅಂತ ಒತ್ತಮ್ಮ."

"ದಿನಾ ಕೇಳಿದ್ರೆ?"

"ದಿನಾ ಬೇಡ ಅನ್ನು."

ಅಮ್ಮ ಫೋನನ್ನು ಹಾಗೇ ಪಕ್ಕಕ್ಕಿಟ್ಟಿರಬೇಕು. ಗಾಜಿನ ಮೇಲೆ ಪೆನ್ನು ಓಡುವ ಸಣ್ಣ ಸದ್ದು ಕೇಳಿಸಿತು, ನಿಂತಿತು, ಮತ್ತೆ ಓಡಿತು. ಪುಟ್ಟಿ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳುತ್ತಾ ಕುಳಿತಳು.