ಕಾಲರ್, ಕಫ್, ತೋಳು, ಬೆನ್ನು

ಚೆಂಡಿನ ಮುಂದೆ ನಿಂತಾಗ ಭಾವನ ತುಟಿ ಅಲುಗುತ್ತದೆ ಎಂಬುದನ್ನು ಪುಟ್ಟಿಯೊಬ್ಬಳೇ ಕಂಡುಕೊಂಡಿದ್ದಳು. ಜೊತೆಗೆ ಆಡುವ ಔಷಧಿ ಅಂಗಡಿಯವರು ತಮ್ಮ ಸರದಿ ಬರುವ ತನಕ ಫೋನು ನೋಡುತ್ತಿರುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಕಣ್ಣು ದೂರದ ಕುಳಿಯ ಬಳಿ ನೆಟ್ಟ ಬಾವುಟದ ಮೇಲೆ. ಗಾಲ್ಫ್ ಕೋಲುಗಳ ಚೀಲ ಹೊತ್ತು ಪಕ್ಕದಲ್ಲಿ ನಿಂತವಳಿಗೆ ಭಾವನ ಮುಖ ಬಿಟ್ಟರೆ ನೋಡಲು ಬೇರೇನಿತ್ತು?

ಮೊದಮೊದಲು ದೇವರ ಹೆಸರಿರಬೇಕು ಅಂದುಕೊಂಡಿದ್ದಳು. ಒಂದು ಭಾನುವಾರ ಗಾಳಿ ಅವಳ ಕಡೆಗೆ ಬೀಸುತ್ತಿದ್ದಾಗ ಮಾತು ಸ್ಪಷ್ಟವಾಗಿ ಕೇಳಿಸಿತು. "ಕಾಲರ್... ಕಫ್... ತೋಳು... ಬೆನ್ನು." ಬೆನ್ನು ಅನ್ನುವಾಗ ಕೋಲು ಹಿಂದಕ್ಕೆ ಎದ್ದಿತು. ಚೆಂಡು ದಾರ ಎಳೆದ ಹಾಗೆ ನೆಟ್ಟಗೆ ಹೋಯಿತು.

ಶರ್ಟಿಗೆ ಇಸ್ತ್ರಿ ಹಾಕುವ ಕ್ರಮ ಅದು. ಶಾಲೆ ಬಿಟ್ಟು ಅಕ್ಕನ ಮನೆಗೆ ಬಂದ ವರ್ಷ ಪುಟ್ಟಿಗೂ ಭಾವ ಅದನ್ನೇ ಕಲಿಸಿದ್ದರು. ಮನೆಯ ಕೆಳಗೇ ಅವರ ಡ್ರೈಕ್ಲೀನಿಂಗ್ ಅಂಗಡಿ. ತಾನು ಹಾಗೆ ಗೊಣಗುವುದು ಭಾವನಿಗೇ ಗೊತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಗೊತ್ತಿದ್ದರೆ ನಾಚಿಕೊಂಡು ನಿಲ್ಲಿಸಿಬಿಡುವ ಮನುಷ್ಯ.

ಭಾವನ ಕೋಪ ಇಡೀ ಬೀದಿಗೆ ಗೊತ್ತಿತ್ತು. ಗುಂಡಿ ಕಿತ್ತುಹೋಗಿದೆ ಎಂದು ಗಿರಾಕಿ ದನಿ ಏರಿಸಿದರೆ ಇವರ ದನಿ ಸೂರು ಹಾರಿಸುತ್ತಿತ್ತು. ಮಿಕ್ಕಿದ್ದು ಮಹಡಿ ಹತ್ತಿ ಅಕ್ಕನ ಮೇಲೆ. ಒಮ್ಮೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನೇ ಬೀಸಿದ್ದರು. ಅಕ್ಕನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಆಮೇಲೆ ತಾವೇ ನಡುಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರನ್ನು ಊರಂಚಿನ ಮುನಿಸಿಪಾಲಿಟಿ ಗಾಲ್ಫ್ ಮೈದಾನಕ್ಕೆ ಎಳೆದುಕೊಂಡು ಹೋದವರು ಔಷಧಿ ಅಂಗಡಿಯವರು. "ನಿಮಗೆ ಬಿಪಿ ಮಾತ್ರೆ ಕೊಟ್ಟು ಕೊಟ್ಟು ನಂಗೇ ಬಿಪಿ ಬಂತು, ನಡೀರಿ ಅತ್ಲಾಗೆ" ಅಂದಿದ್ದರಂತೆ. ಹಳೆಯ ಗಿರಾಕಿಯೊಬ್ಬರು ಕೊಟ್ಟ ಸವೆದ ಕೋಲುಗಳಿಂದಲೇ ಭಾವ ಆಡಲು ಕಲಿತರು.

ಚೆಂಡು ಪೊದೆಗೆ ಹೋದರೂ ಬೈಯದೆ ಹುಡುಕಿ ತರುವುದು, ಕೆಟ್ಟ ಹೊಡೆತವನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ನಡೆಯುವುದು ಮೈದಾನದಲ್ಲಿ ರೂಢಿಯಾಯಿತು. ಅದು ಮನೆಗೂ ಬಂತು. ಈಗ ಗಿರಾಕಿ ಕೂಗಾಡಿದರೆ ಭಾವ ಒಂದು ಉಸಿರೆಳೆದು "ಕೊಡಿ, ನೋಡೋಣ" ಅನ್ನುತ್ತಿದ್ದರು. ಭಾನುವಾರ ಬಂತೆಂದರೆ ಅಕ್ಕನೇ ಚೀಲ ಒರೆಸಿ ಬಾಗಿಲಲ್ಲಿಡುತ್ತಿದ್ದಳು. "ನೀನೂ ಹೋಗೇ ಪುಟ್ಟಿ. ಚೀಲ ಭಾರ ಅಂತ ಇವರು ಒಂದು ವಾರ ತಪ್ಪಿಸ್ಕೊಂಡ್ರೂ ಕಷ್ಟ."

ಆ ಭಾನುವಾರ ಅರ್ಧ ಆಟ ಮುಗಿಸಿ ಎಲ್ಲರೂ ತಗಡಿನ ಚಾವಣಿಯ ಕೆಳಗೆ ಚಹಾ ಕುಡಿಯುತ್ತಿದ್ದರು.

"ಏನ್ ಸ್ವಾಮಿ ನಿಮ್ಮ ಗುಟ್ಟು?" ಔಷಧಿ ಅಂಗಡಿಯವರು ಕೇಳಿದರು. "ನಾನು ಹೊಡೆದ್ರೆ ಪೊದೆ, ಮೇಷ್ಟ್ರು ಹೊಡೆದ್ರೆ ಕೆರೆ. ನೀವು ಮಾತ್ರ ಅಳತೆ ಟೇಪ್ ಹಿಡ್ಕೊಂಡು ಹೊಡೆದ ಹಾಗೆ."

"ಗುಟ್ಟೂ ಇಲ್ಲ ಗಿಟ್ಟೂ ಇಲ್ಲ. ಚಹಾ ಕುಡೀರಿ."

"ಮೌನಗೌರಿನ ಕೇಳಿ," ಅಂದರು ಮೇಷ್ಟ್ರು. "ಬಾಯಿಗೆ ಬೀಗ, ಕಣ್ಣು ಮಾತ್ರ ಸಿಸಿ ಕ್ಯಾಮೆರಾ. ಹೇಳಮ್ಮಾ, ನಿಮ್ಮ ಭಾವ ಏನು ಮಾಟ ಮಾಡ್ತಾರೆ?"

ಮೂವರೂ ಅವಳ ಕಡೆ ತಿರುಗಿದರು. ಅವಳ ಮಾತಿಗಾಗಿ ಯಾರಾದರೂ ಕಾದು ಕೂತದ್ದು ಪುಟ್ಟಿಗೆ ನೆನಪಿರಲಿಲ್ಲ. ಲೋಟ ಕೆಳಗಿಟ್ಟಳು.

"ಭಾವ ಇಸ್ತ್ರಿ ಹಾಕ್ತಾರೆ."

"ಹಾಂ?"

"ಚೆಂಡಿಗೆ. ಕಾಲರ್, ಕಫ್, ತೋಳು, ಬೆನ್ನು ಅಂತಾರೆ. ಆಮೇಲೆ ಹೊಡೀತಾರೆ."

ಔಷಧಿ ಅಂಗಡಿಯವರ ಮೂಗಿನಿಂದ ಚಹಾ ಬಂತು. "ಇನ್ನೊಂದ್ಸಲ, ಇನ್ನೊಂದ್ಸಲ! ಎದ್ದು ನಿಂತು ಮಾಡಿ ತೋರ್ಸು!" ಪುಟ್ಟಿ ಎದ್ದಳು. ಈ ಸಲ ಭಾವನ ಹಾಗೆ ಹೊಟ್ಟೆ ಮುಂದೆ ಮಾಡಿದಳು, ಮೊಣಕಾಲು ಬಗ್ಗಿಸಿದಳು, ಕಣ್ಣು ಅರೆಮುಚ್ಚಿ ತುಟಿ ಪಿಟಿಪಿಟಿ ಅನ್ನಿಸಿದಳು. ಮೇಷ್ಟ್ರು ಬೆಂಚು ಬಡಿದು ನಕ್ಕರು. ಎಲ್ಲರ ನಗು ಅವಳ ಮೈಗೆ ಬಿಸಿಲಿನಂತೆ ಹಿತವಾಯಿತು. ಭಾವನೂ ನಕ್ಕರು. ಅವರ ಕಿವಿ ಕೆಂಪಾಗಿದ್ದನ್ನು ಅವಳು ಕೂತ ಮೇಲೆ ನೋಡಿದಳು.

"ನಾನು ಹಾಗಂತೀನಾ?" ಎಂದರು ಭಾವ, ಮೆಲ್ಲಗೆ.

ಮುಂದಿನ ಹೊಡೆತಕ್ಕೆ ನಿಂತಾಗ ಅವರ ತುಟಿ ಬಿಗಿದುಕೊಂಡಿತ್ತು. ಹಿಂದಿನಿಂದ ಔಷಧಿ ಅಂಗಡಿಯವರು "ಕಾಲರ್..." ಎಂದು ಪಿಸುಗುಟ್ಟಿದರು. ಚೆಂಡು ನೆಲ ಕಚ್ಚಿಕೊಂಡು ನಾಲ್ಕು ಮಾರು ಉರುಳಿತು. ಆಮೇಲಿನದು ಕೆರೆಗೆ. ಅದರಾಚಿನದು ಬೇಲಿ ದಾಟಿ ರಸ್ತೆಗೆ.

ಆ ವಾರ ಅಂಗಡಿಯಲ್ಲಿ ಒಂದು ಬೂದು ಕೋಟಿನ ಕಾಲರು ಸುಟ್ಟಿತು. ಭಾವ ಹ್ಯಾಂಗರುಗಳ ಗೊಂಚಲನ್ನೇ ನೆಲಕ್ಕೆ ಅಪ್ಪಳಿಸಿದರು. ಮೇಲೆ ಬಂದು ಸಾರಿಗೆ ಉಪ್ಪಿಲ್ಲವೆಂದು ತಟ್ಟೆ ತಳ್ಳಿದರು, ಉಪ್ಪು ಇತ್ತು. ಅವರ ಹೆಜ್ಜೆ ಸದ್ದು ಕೇಳಿದೊಡನೆ ಅಕ್ಕ ಬಿಸಿ ಪಾತ್ರೆಗಳನ್ನು ಮೇಜಿನ ಆಚೆ ತುದಿಗೆ ಸರಿಸಿಡಲು ಶುರುಮಾಡಿದಳು.

"ಏನಾಯ್ತೇ ಇವರಿಗೆ? ಅಲ್ಲೇನಾದ್ರೂ ಜಗಳ ಆಯ್ತಾ?"

"ಇಲ್ಲಕ್ಕ."

"ಯಾರಾದ್ರೂ ಏನಾದ್ರೂ ಅಂದ್ರಾ?"

ಪುಟ್ಟಿ ತಟ್ಟೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಒಂದು ಮಧ್ಯಾಹ್ನ ಭಾವ ಇಸ್ತ್ರಿ ಮೇಜಿನ ಮುಂದೆ ಶರ್ಟು ಹರಡಿಕೊಂಡು ಸುಮ್ಮನೆ ನಿಂತಿದ್ದರು. "ಪುಟ್ಟಿ, ಬೆನ್ನು ಅಂತ ಅಂದಮೇಲೆ ಕೋಲು ಎತ್ತುತಿದ್ನಾ, ಅನ್ನುವಾಗಲೇ ಎತ್ತುತಿದ್ನಾ?"

"ಅನ್ನುವಾಗಲೇ, ಭಾವ."

"ಅನ್ನುವಾಗಲೇ," ಎಂದರು. ಬರಿಗೈ ಎತ್ತಿ ನೋಡಿಕೊಂಡರು. ಪರೀಕ್ಷೆಗೆ ಓದುವ ಮಗುವಿನ ಹಾಗಿತ್ತು ಅವರ ಮುಖ. ಪುಟ್ಟಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮುಂದಿನ ಭಾನುವಾರ ಅವರು ಬೇಕೆಂದೇ ನಾಲ್ಕೂ ಪದಗಳನ್ನು ಒಂದೊಂದಾಗಿ ಹೇಳಿಕೊಂಡು ಹೊಡೆದರು. ಪದ ಸರಿಯಾಗಿದ್ದರೆ ಕೈ ತಪ್ಪುತ್ತಿತ್ತು. ಸ್ನೇಹಿತರು ಈಗ ನಗುತ್ತಿರಲಿಲ್ಲ. "ಬಿಡಿ, ಮನಸ್ಸಿಗೆ ಹಚ್ಕೋಬೇಡಿ" ಅನ್ನುತ್ತಿದ್ದರು. ಅದು ನಗುವಿಗಿಂತ ಕಡೆಯಾಗಿತ್ತು. ಮರಗಳ ಸಾಲಿನ ಹತ್ತಿರ ಮತ್ತೊಂದು ಚೆಂಡು ಅಡ್ಡ ಹೋದಾಗ ಭಾವ ಕೋಲನ್ನು ಮರದ ಬೊಡ್ಡೆಗೆ ಬೀಸಿ ಹೊಡೆದರು. ಹಿಡಿ ಬಿರಿಯಿತು. ಅವರ ಕತ್ತಿನ ನರ ಉಬ್ಬಿದ್ದನ್ನು ಪುಟ್ಟಿ ಹಿಂದೆ ಇನ್ನೊಂದು ಸಲ ನೋಡಿದ್ದಳು, ಇಸ್ತ್ರಿಪೆಟ್ಟಿಗೆ ಹಾರಿದ ದಿನ.

"ಸಾಕು," ಎಂದರು. "ಈ ಚೀಲ ಗುಜರಿಗೆ ಹಾಕು. ಇನ್ನು ಈ ಕಡೆ ತಲೆ ಹಾಕಲ್ಲ."

ಹೀಗೇ ಮನೆಗೆ ಹೋದರೆ ಬಾಗಿಲು ತೆಗೆಯುವವಳು ಅಕ್ಕ.

"ಭಾವ, ಅದು ಸುಳ್ಳು."

"ಯಾವುದು?"

"ಕಾಲರ್ ಕಫ್ ಅಂದಿದ್ದು. ನೀವು ಏನೂ ಅನ್ನಲ್ಲ. ಸುಮ್ನೆ ನಿಂತಿರ್ತೀರ, ಹೊಡೀತೀರ. ನಾನೇ ಕಟ್ಟಿ ಹೇಳಿದ್ದು." ಚೀಲದ ಪಟ್ಟಿ ಹೆಗಲಿಗೆ ಸರಿಮಾಡಿಕೊಂಡಳು. "ಎಲ್ಲರನ್ನೂ ನಗಿಸ್ಬೇಕು ಅನ್ನಿಸ್ತು."

ಕೊನೆಯ ಮಾತೊಂದು ನಿಜವಾಗಿತ್ತು. ಅದಕ್ಕೇ ಇರಬೇಕು, ಭಾವ ಉಳಿದದ್ದನ್ನೂ ನಂಬಿದರು.

"ಅಬ್ಬಾ ಮೌನಗೌರಿ!" ಮೇಷ್ಟ್ರು ತಲೆ ಕೊಡವಿದರು. "ಬಾಯಿ ಬಿಡೋದೇ ಅಪರೂಪ, ಬಿಟ್ರೆ ಬರೀ ಓಳು."

"ನಾವೂ ಎಂಥಾ ಪೆದ್ದರು ನೋಡಿ," ಅಂದರು ಔಷಧಿ ಅಂಗಡಿಯವರು. "ಮೂಗಿನಿಂದ ಚಹಾ ಸುರಿಸಿದ್ದು ಬೇರೆ."

ಭಾವ ಅವಳನ್ನು ಒಂದು ಗಳಿಗೆ ನೋಡಿದರು. ಅವಳು ಹೊಟ್ಟೆ ಮುಂದೆ ಮಾಡಿ ನಿಂತದ್ದು ನೆನಪಾಗಿರಬೇಕು. ಚೀಲದಿಂದ ಬೇರೆ ಕೋಲು ತಾವೇ ಎಳೆದುಕೊಂಡು ಹೋಗಿ ಚೆಂಡಿನ ಮುಂದೆ ನಿಂತರು. ಅವರ ಹೆಗಲು ಸಡಿಲವಾಯಿತು.

ಪುಟ್ಟಿ ತಲೆ ತಗ್ಗಿಸಿ ಹುಲ್ಲು ನೋಡಿದಳು. ತುಟಿ ಅಲುಗುತ್ತಿದೆಯೋ ಇಲ್ಲವೋ ನೋಡುವುದು ಅವಳಿಗೆ ಬೇಡವಾಗಿತ್ತು. ಠಣ್ ಎಂಬ ಸದ್ದು ಕೇಳಿತು. ಹಿಂದೆಯೇ ಮೇಷ್ಟ್ರ ಚಪ್ಪಾಳೆ.

ಮನೆಗೆ ಬಂದು ಊಟಕ್ಕೆ ಕೂತಾಗ ಭಾವ ಎರಡು ಸಲ ಸಾರು ಹಾಕಿಸಿಕೊಂಡರು. ಕೈ ತೊಳೆದು ಬಂದು, ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಹೇಳಿದರು: "ಪುಟ್ಟಿ, ಮುಂದಿನ ವಾರದಿಂದ ನೀನು ಬರೋದು ಬೇಡಮ್ಮ. ಚೀಲ ನಾನೇ ಹೊತ್ಕೊಳ್ತೀನಿ."

ಗಿರಾಕಿಗಳೊಂದಿಗೆ ಆಡುವ ದನಿ ಅದು. ಯಾವತ್ತೂ ಅವಳಿಗೆ 'ಅಮ್ಮ' ಸೇರಿಸಿ ಮಾತಾಡಿದವರಲ್ಲ.

"ಯಾಕ್ರೀ, ಏನು ಮಾಡಿದ್ಲು ಅವಳು?" ಅಕ್ಕ ಕೇಳಿದಳು.

"ಏನೂ ಇಲ್ಲ. ವಯಸ್ಸಿಗೆ ಬಂದ ಹುಡುಗಿ, ಭಾರ ಹೊರಿಸೋದು ಸರಿಯಲ್ಲ."

ಒಂದು ಸಲ ಬೈದಿದ್ದರೂ ಅವಳು ಅತ್ತು ನಿಜ ಹೇಳಿಬಿಡುತ್ತಿದ್ದಳೇನೋ. ಭಾವ ಟವೆಲನ್ನು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿ ಅಂಗಡಿಗೆ ಇಳಿದರು.

ಅಕ್ಕ ಮೆಟ್ಟಿಲಿನ ಸದ್ದು ಮುಗಿಯುವ ತನಕ ಕಾದಳು. ಪುಟ್ಟಿಯ ತೋಳು ಹಿಡಿದುಕೊಂಡಳು, ಮುಖವೆಲ್ಲ ನಗು.

"ನೋಡ್ದೇನೇ, ಎಷ್ಟು ಸಮಾಧಾನವಾಗಿ ಹೇಳಿದ್ರು!"

"ಹೂಂ ಅಕ್ಕ," ಎಂದಳು ಪುಟ್ಟಿ.