ಅತ್ತೆಯ ಮೂಗಿನ ನಡುಗೋಡೆ

ಸೋಪಿನ ಕಾರ್ಖಾನೆಯಲ್ಲಿ ಅತ್ತೆಗೆ 'ಘಮದಮ್ಮ' ಎಂದೇ ಹೆಸರು. ಹೊಸ ಸೋಪು ಯಾವುದೇ ಇರಲಿ, ಅವರ ಮೂಗು ಒಪ್ಪದೆ ಅಂಗಡಿಯ ಮುಖ ಕಾಣುವಂತಿರಲಿಲ್ಲ. ಪರಿಮಳದ ಎಣ್ಣೆಯಲ್ಲಿ ಅದ್ದಿದ ಕಾಗದದ ಪಟ್ಟಿ ಹಿಡಿದು, ಮುಖವನ್ನು ಬಲಕ್ಕೆ ತಿರುಗಿಸಿ, ಎಡ ಹೊಳ್ಳೆಯಿಂದ ಮೆಲ್ಲಗೆ ಎಳೆದುಕೊಳ್ಳುವರು. ಅವರ ಕೈಕೆಳಗಿನವರೂ ಹಾಗೆಯೇ ಮಾಡುತ್ತಿದ್ದರು. ಹೊಸದಾಗಿ ಬಂದವರಿಗೆ ಆ ಕೋಣೆಯಲ್ಲಿ ಎಲ್ಲರ ಕತ್ತೂ ಉಳುಕಿದಂತೆ ಕಾಣುತ್ತಿತ್ತು.

ಸೊಸೆ ಕಿವಿ, ಮೂಗು, ಗಂಟಲಿನ ಡಾಕ್ಟರು. ಊರವರ ಮೂಗಿಗೆಲ್ಲ ಬೆಳಕು ಬಿಡುವವಳು, ಮನೆಯಲ್ಲಿ ಅತ್ತೆ ಹಾಲಿನ ಪಾತ್ರೆಯ ಮುಂದೆ ಮುಖ ಓರೆ ಮಾಡಿದರೆ ಅದು ಕಸುಬಿನ ಗುಟ್ಟೆಂದು ನಂಬಿ ಮೆಚ್ಚಿಕೊಂಡಿದ್ದಳು! ಒಮ್ಮೆ ನೆಗಡಿಯಾಗಿ ಅತ್ತೆ ಉಸಿರಿಗೆ ಒದ್ದಾಡಿದಾಗಲೇ ಟಾರ್ಚು ಹಿಡಿದು ನೋಡಿದ್ದು. ಮೂಗಿನ ನಡುಗೋಡೆ ಬಲಕ್ಕೆ ಬಾಗಿ ಆ ಹೊಳ್ಳೆಯನ್ನು ಮುಚ್ಚೇಬಿಟ್ಟಿತ್ತು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಇಷ್ಟು ವರ್ಷ ಒಂದೇ ಹೊಳ್ಳೇಲಿ ಕೆಲಸ ಮಾಡಿದೀರಾ, ಅತ್ತೆ?"

"ಎಲ್ಲರಿಗೂ ಹಾಗೇ ಅಂದ್ಕೊಂಡಿದ್ದೆ ಕಣೇ."

ಸೊಸೆಗೆ ಆ ಗೋಡೆಯೆಂದರೆ ಮೊದಲಿನಿಂದಲೂ ಬೆರಗು. ಅತ್ತೆಯ ಬೆರಳನ್ನೇ ಅವರ ಮೂಗಿನ ಮೇಲಿಟ್ಟಳು. "ಮುಂದೆ ಮೆತ್ತಗಿದೆ ನೋಡಿ, ಬಾಗುತ್ತೆ. ಅದಕ್ಕೇ ಸಣ್ಣಪುಟ್ಟ ಪೆಟ್ಟು ತಡಕೊಳ್ಳೋದು. ಹಿಂದೆ ಮೂಳೆ, ತೀರಾ ತೆಳು. ಮೂಗು ಕುಸೀದೆ ನಿಂತಿರೋದು ಇದರ ಆಸರೆಯಿಂದ. ಉಸಿರನ್ನ ಎರಡು ದಾರಿ ಮಾಡಿ, ಬೆಚ್ಚಗೆ, ತೇವ ಮಾಡಿ ಒಳಗೆ ಕಳಿಸುತ್ತೆ. ವಾಸನೆ ಹಿಡಿಯೋ ಜಾಗ ಮೇಲೆ, ಮೂಗಿನ ಸೂರಿನ ಹತ್ತಿರ. ಆಪರೇಷನ್ ಮಾಡಿ ಗೋಡೆ ನೆಟ್ಟಗೆ ಮಾಡಬಹುದು."

"ಅಲ್ಲಿ ಏನಾದ್ರೂ ಏರುಪೇರಾದ್ರೆ?"

"ಘಮ ಹೋಗಬಹುದು," ಎಂದಳು ಸೊಸೆ, ಸುಳ್ಳು ಹೇಳಲು ಬಾಯಿ ಬರದೆ. "ನಮ್ಮ ದೊಡ್ಡ ಡಾಕ್ಟರ ಹತ್ತಿರ ಮಾಡಿಸೋಣ."

"ನನ್ನ ಮೂಗು ಕಂಡೋರ ಕೈಗೆ ಕೊಡಲ್ಲ. ನೀನೇ ಮಾಡು."

ಮಾಡಿದಳು. ಗೋಡೆಯ ಎರಡೂ ಬದಿಯ ತೇವದ ಪೊರೆಯನ್ನು ಹರಿಯದಂತೆ ಬಿಡಿಸಿ, ಸೊಟ್ಟಗಿದ್ದಷ್ಟನ್ನೇ ಕತ್ತರಿಸಿ, ಉಳಿದದ್ದನ್ನು ನಡುವಿಗೆ ತಂದು ನಿಲ್ಲಿಸಿದಳು. ಸೂರಿನ ಕಡೆಗೆ ಕೈ ಹಾಕಲಿಲ್ಲ. ಇಷ್ಟು ತೆಳುವಾದದ್ದು ಒಂದು ಮುಖವನ್ನೇ ಹೊತ್ತು ನಿಂತಿದೆಯಲ್ಲ ಎಂದು ಆ ಗಾಬರಿಯಲ್ಲೂ ಅವಳಿಗೆ ಅನ್ನಿಸಿತು.

ಉಸಿರು ಸರಾಗವಾಯಿತು. ಘಮ ಮಾತ್ರ ಮರಳಲಿಲ್ಲ. ಊತ ಇಳಿಯಬೇಕು, ಕಾಯಬೇಕು ಎಂದು ಬೇರೆ ರೋಗಿಗಳಿಗೆ ಎಷ್ಟು ಸಲ ಹೇಳಿದ್ದಳೋ! ಈಗ ಅದೇ ಮಾತು ತನಗೇ ಹಿಡಿಸಲಿಲ್ಲ. ಬೆಳಿಗ್ಗೆ ಅತ್ತೆ ಕಾಗದದ ಪಟ್ಟಿ ಮೂಸಿ ಸುಮ್ಮನೆ ಕೆಳಗಿಡುವುದನ್ನು ಕಂಡರೆ ಸೊಸೆ ತಿಂಡಿಯ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು. ಅತ್ತೆ ಒಂದು ದಿನವೂ ಬೈಯಲಿಲ್ಲ. ಮೂಗಿನ ತುದಿಯಲ್ಲೇ ಕೋಪವಿದ್ದ ಹೆಂಗಸು ಬೈಯದಿರುವುದೇ ದೊಡ್ಡ ಶಿಕ್ಷೆಯಾಗಿತ್ತು.

ಒಂದು ಸಂಜೆ ಆಸ್ಪತ್ರೆಯಿಂದ ಬಂದವಳೇ ಟಾರ್ಚು ಹಿಡಿದು ಬಗ್ಗಿದಳು. ಅತ್ತೆ ಅವಳ ಮುಂಗೈ ಗಪ್ಪನೆ ಹಿಡಿದುಕೊಂಡರು. ಅಭ್ಯಾಸದಂತೆ ಮುಖ ಬಲಕ್ಕೆ ಹೊರಳಿತು.

"ಇದ್ಯಾವ ದರಿದ್ರ ಸೋಪೇ ಹಚ್ಚಿದೀಯ?"

"ಆಸ್ಪತ್ರೇದು," ಎನ್ನುವಷ್ಟರಲ್ಲಿ ಸೊಸೆಗೆ ಅಳು ಒತ್ತರಿಸಿಕೊಂಡು ಬಂತು.

"ಥೂ, ಸುಮ್ನಿರೇ, ನೋಡ್ತಿದೀನಿ." ಅತ್ತೆ ಕತ್ತು ನೆಟ್ಟಗೆ ಮಾಡಿ, ಎಡ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಸೊಸೆಯ ಕೈಯನ್ನು ಇನ್ನೊಮ್ಮೆ ಮೂಸಿದರು. ಅವರ ಕಣ್ಣೂ ಒದ್ದೆಯಾಯಿತು.

"ಈ ಕಡೆಯಿಂದ್ಲೂ ಅಷ್ಟೇ ದರಿದ್ರ," ಎಂದರು.