ವೀಕ್ಷಕ ವಿವರಣೆ

ಅರ್ಧ ಕಚ್ಚಿದ ಬನ್ನನ್ನು ನಿವೃತ್ತ ಮೇಷ್ಟ್ರು ಗಾಜಿನ ಕಪಾಟಿನ ಮೇಲೆ ಇಟ್ಟರು. ಅದರ ನಡುವಿನಿಂದ ಒಂದು ರಟ್ಟಿನ ಚೂರು ನಾಲಗೆ ಚಾಚಿದ ಹಾಗೆ ಹೊರಗೆ ಇಣುಕುತ್ತಿತ್ತು. ಗಲ್ಲಾದಲ್ಲಿ ಕೂತಿದ್ದ ಬೇಕರಿಯಣ್ಣನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎಳೆದು ತೆಗೆದಳು. ಒಂದು ಮಗ್ಗುಲಿಗೆ ಪರದೇಶದ ಅಕ್ಷರ, ಇನ್ನೊಂದು ಮಗ್ಗುಲಿಗೆ ಮಗಳ ದುಂಡು ಬರಹದಲ್ಲಿ 'ಚಮಚ' ಎಂದಿತ್ತು.

"ಬನ್ನಿಗೆ ಚಮಚ ಯಾಕಮ್ಮಾ, ಕೈಯಲ್ಲೇ ತಿಂತೀನಲ್ಲ," ಎಂದರು ಮೇಷ್ಟ್ರು.

ಅವರಿಗೆ ಬೇರೆ ಬನ್ನು ಕೊಟ್ಟು, ಕ್ಷಮೆ ಕೇಳಿ, ಸಾಗಹಾಕಿ ಅವಳು ಒಳಗೆ ಹೋದಳು. ಬೇಕರಿಯಣ್ಣ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದ. ಬೀದಿಯವರೆಲ್ಲ ಅವನನ್ನು ಕರೆಯುವುದೇ ಹಾಗೆ. ಅವನಿಗಿಂತ ಹಿರಿಯರಾದ ಮೇಷ್ಟ್ರಿಗೂ ಅವನು ಅಣ್ಣನೇ. ಹೆಂಡತಿ ಕಣ್ಣ ಮುಂದೆ ಹಿಡಿದ ಚೀಟಿಯನ್ನು ನೋಡಿ ಅವನ ಮುಖ ಅರಳಿತು. ನಿನ್ನೆಯಿಂದ ಹುಡುಕ್ತಾ ಇದ್ದೆ, ಎಲ್ಲಿತ್ತು ಎಂದು ಕೇಳಿದ. ಎಲ್ಲಿತ್ತು ಎಂಬುದನ್ನು ಅವಳು ಹೇಳಿದ ರೀತಿಗೆ ಆ ಕ್ಷಣದಿಂದಲೇ ಚೀಟಿಗಳಿಗೆ ಹಿಟ್ಟಿನ ಕೋಣೆಯಲ್ಲಿ ಪ್ರವೇಶ ನಿಂತುಹೋಯಿತು.

ಇಷ್ಟಕ್ಕೆಲ್ಲ ಕಾರಣ ಮಗಳ ಮದುವೆ. ನದಿಗೆ ಹೊಸ ಸೇತುವೆ ಕಟ್ಟುವ ಕೆಲಸದಲ್ಲಿ ಅವಳು ಎಂಜಿನಿಯರು. ಅದೇ ಕೆಲಸಕ್ಕೆ ಪರದೇಶದಿಂದ ಬಂದವನು ಹುಡುಗ. ಬೇಕರಿಯ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರದಷ್ಟು ಎತ್ತರ ಇದ್ದುದರಿಂದ ಅತ್ತೆಯಾಗುವವಳು ಮೊದಲ ದಿನವೇ ಅವನಿಗೆ 'ಏಣಿ' ಎಂದು ಹೆಸರಿಟ್ಟಳು. ಅವನು ನಮ್ಮ ಮಾತನ್ನು ಎಡವಿ ಎಡವಿ ಕಲಿತು, ಅರ್ಥ ಗೊತ್ತಾದ ಮೇಲೂ ಆ ಹೆಸರಿಗೆ ಓಗೊಡುತ್ತಿದ್ದ. ಅವನಿಗೆ ತನ್ನವರು ಅಂತ ಇದ್ದವಳು ಸಾಕಿ ಬೆಳೆಸಿದ ಅಜ್ಜಿ ಒಬ್ಬಳೇ. ಅವಳಿಗೆ ಅವಳ ಭಾಷೆ ಬಿಟ್ಟು ಬೇರೊಂದು ಬಾರದು. ಮದುವೆಗೆ ಬರುತ್ತೇನೆ ಎಂದಿದ್ದಳು. ಬಂದು ಏನು ಮಾಡಲಿ, ಇಳಿಸಿಟ್ಟ ಗಂಟಿನ ಹಾಗೆ ಒಂದು ಮೂಲೆಯಲ್ಲಿ ಕೂತಿರಬೇಕು ತಾನೇ ಎಂದೂ ಅಂದಿದ್ದಳು.

ಆ ಮಾತು ಮಗಳ ಮನಸ್ಸಿಗೆ ನಾಟಿತ್ತು. ಮದುವೆಯ ದಿನ ತಾವಿಬ್ಬರೂ ನೋಂದಣಿ ಕಚೇರಿಯ ಮೇಜಿನ ಮುಂದೆ ಇರುತ್ತೇವೆ, ಅಜ್ಜಿಯ ಪಕ್ಕ ಕೂತು ಮಾತಾಡುವವರು ಮನೆಯವರೇ ಆಗಬೇಕು ಎಂದಳು. ಅವಳಮ್ಮ ತನ್ನ ಬಾಯಿಗೆ ಒಂದು ಭಾಷೆಯೇ ಹೆಚ್ಚಾಗಿದೆ ಎಂದು ಕೈ ತೊಳೆದುಕೊಂಡಳು. ಬೇಕರಿಯಣ್ಣ ಮಾತ್ರ ಎದೆ ಸೆಟೆಸಿ, "ನಾನಿದೀನಿ. ಆ ಅಜ್ಜಿಗೆ ಒಂದು ಗಳಿಗೆ ಬೇಜಾರಾಗೋಕೆ ಬಿಡಲ್ಲ," ಎಂದು ಮಾತು ಕೊಟ್ಟುಬಿಟ್ಟ. ಮಗಳು ಅವನ ಹಿಟ್ಟಿನ ಕೈಗಳನ್ನೂ ಲೆಕ್ಕಿಸದೆ ತಬ್ಬಿಕೊಂಡಳು. ಆಗ ಅವನಿಗೆ ಆ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ.

ಮಗಳು ಹೊಸಕಾಲದ ಸಲಕರಣೆಗಳನ್ನೆಲ್ಲ ತಂದು ಸುರಿದಳು. ಚೀಟಿಗಳ ಗತಿ ಏನಾಯಿತೆಂದು ಮೇಷ್ಟ್ರಿಗೆ ಗೊತ್ತು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಸರಿಯುತ್ತರ ಒತ್ತಿದರೆ ಗಂಟೆ ಬಾರಿಸಿ ಶಭಾಷ್ ಅನ್ನುತ್ತಿತ್ತು. ಅಂಟು ಕೈಯಲ್ಲಿ ಎಲ್ಲಿ ಒತ್ತಿದರೂ ಅದಕ್ಕೆ ಇನ್ನೆಲ್ಲೋ ಒತ್ತಿದಂತೆ ಕಂಡು, ಅದು ಗಂಟೆ ಬಾರಿಸುವುದನ್ನೇ ಮರೆಯಿತು. ಮನೆಯ ಸಾಮಾನಿಗೆಲ್ಲ ಹೆಸರಿನ ಕಾಗದ ಅಂಟಿಸಿದಳು. ಓವನ್ನಿನ ಮೇಲಿನದು ಸುಟ್ಟು ಹೋಯಿತು, ಫ್ರಿಜ್ಜಿನದು ಒದ್ದೆಯಾಗಿ ಕಳಚಿತು. ದಿನವಿಡೀ ಎರಡು ಕೈಯೂ ಹಿಟ್ಟಿನಲ್ಲಿರುವ ಮನುಷ್ಯನಿಗೆ ಖಾಲಿ ಉಳಿದದ್ದು ಕಿವಿ ಮತ್ತು ಬಾಯಿ ಅಷ್ಟೆ.

ಇದು ಹೊಳೆದದ್ದು ಏಣಿಗೆ. ಒಂದು ಬೆಳಿಗ್ಗೆ ಅವನು ತನ್ನ ಊರಿನ ರೇಡಿಯೋವನ್ನು ಮಾವನ ಫೋನಿನಲ್ಲಿ ಹಚ್ಚಿ, ಹಿಟ್ಟಿನ ಮೂಟೆಯ ಮೇಲೆ ನಿಲ್ಲಿಸಿ, ಏನೂ ಅರ್ಥವಾಗಬೇಕಿಲ್ಲ, ಅವರು ಅಂದದ್ದನ್ನು ಹಿಂದಿಂದೆಯೇ ಅನ್ನುತ್ತಾ ಹೋಗಿ ಎಂದು ಹೇಳಿ ಕೆಲಸಕ್ಕೆ ಹೋದ. ಬೇಕರಿಯಣ್ಣ ನಾದುವ ಹೊತ್ತಿಗೆ ಸರಿಯಾಗಿ ಆ ದೇಶದಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು. ರೇಡಿಯೋದವನು ಉಸಿರು ಬಿಡದೆ ಸುರಿಸುತ್ತಿದ್ದ. ಇವನು ಅದರ ಬಾಲ ಹಿಡಿದು ಓಡಿದ. ಮೊದಲ ವಾರ ಬಾಯಿಂದ ಬಂದದ್ದು ಬರೀ ಗುಡುಗುಡು. ಆಮೇಲೆ ಒಂದು ದಿನ ಆ ಗುಡುಗುಡಿನೊಳಗಿಂದ 'ಎಡಕ್ಕೆ' ಎಂಬ ಪದ ತಾನಾಗಿ ಬಿಡಿಸಿಕೊಂಡು ಬಂತು. ಮಾರನೆಯ ದಿನ 'ಬಲಕ್ಕೆ'. ಆಮೇಲೆ 'ಓಡುತ್ತಿದ್ದಾನೆ', 'ಬಿದ್ದ', 'ಎದ್ದ', 'ಅಯ್ಯೋ ತಪ್ಪಿತು'. ಅರ್ಥವಾಗದ್ದನ್ನು ಸಂಜೆ ಏಣಿಯಿಂದ ಬಿಡಿಸಿಕೊಳ್ಳುತ್ತಿದ್ದ. ಇಷ್ಟು ವಯಸ್ಸಿನಲ್ಲಿ ತಲೆಯೊಳಗೆ ಹೊಸದೊಂದು ಬಾಗಿಲು ತೆರೆಯುತ್ತದೆಂದು ಅವನು ಎಣಿಸಿರಲೇ ಇಲ್ಲ. ಸಂತೋಷಕ್ಕೆ ಹಿಟ್ಟನ್ನು ಎಷ್ಟು ಹುರುಪಿನಿಂದ ಬಡಿಯುತ್ತಿದ್ದನೆಂದರೆ ಆ ತಿಂಗಳ ಬ್ರೆಡ್ಡು ಹತ್ತಿಯಂತಿದೆ ಎಂದು ಬೀದಿಯೆಲ್ಲ ಹೊಗಳಿತು.

ಅದೇ ಬೀದಿ, ಬೆಳಗಾಗುತ್ತಲೇ ಬೇಕರಿಯೊಳಗೆ ಗಂಡ ಹೆಂಡತಿಗೆ ಜಗಳ ಎಂದೂ ಮಾತಾಡಿಕೊಂಡಿತು. "ಕೂಗೋದಾದ್ರೆ ನಮ್ಮ ಭಾಷೆಲೇ ಕೂಗಿ, ಏನಂತ ಬೈತಿದೀರ ಅಂತ ನನಗಾದ್ರೂ ಗೊತ್ತಾಗಲಿ," ಎಂದು ಹೆಂಡತಿ ಗೊಣಗಿದಳು.

ಮದುವೆಗೆ ಸ್ವಲ್ಪ ದಿನ ಇದೆ ಎನ್ನುವಾಗ ಒಂದು ಭಾನುವಾರ ಏಣಿ ತನ್ನ ಅಜ್ಜಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲೆ ಇಟ್ಟ. ಬೇಕರಿಯಣ್ಣ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ. ಫೋನಿಗೆ ಕಣ್ಣಿಲ್ಲ ಎಂದು ಯಾರು ಹೇಳಿದರೂ ಕೇಳಿರಲಿಲ್ಲ. ಆಚೆಯಿಂದ ಒಂದು ತೆಳ್ಳನೆಯ ದನಿ ಏನೋ ಕೇಳಿತು. ಹೇಗಿದ್ದೀರಿ ಎಂದು ಕೇಳಿದ್ದಳು, ಅಷ್ಟೇ. ಆದರೆ ರೇಡಿಯೋದವನು ಯಾರನ್ನೂ ಹೇಗಿದ್ದೀರಿ ಎಂದು ಕೇಳಿದವನಲ್ಲ, ಯಾರಿಗೂ ಚೆನ್ನಾಗಿದ್ದೇನೆ ಎಂದು ಹೇಳಿದವನೂ ಅಲ್ಲ. ಬೇಕರಿಯಣ್ಣ ಅಂಗಿಯ ಕಾಲರು ಸರಿಮಾಡಿಕೊಂಡ. ಅಜ್ಜಿ ಮತ್ತೊಮ್ಮೆ ಕೇಳಿದಳು. ಅಷ್ಟರಲ್ಲಿ ಹೆಂಡತಿ ಕಾಫಿ ಹಿಡಿದು ಅಡುಗೆಮನೆಯಿಂದ ಬಂದಳು, ಅವನ ಬಾಯಿ ತಾನೇ ತೆರೆದುಕೊಂಡಿತು. "ಬಲಬದಿಯಿಂದ ಒಬ್ಬಳು ಬರುತ್ತಿದ್ದಾಳೆ! ಯಾರೂ ತಡೆಯುತ್ತಿಲ್ಲ! ಕುರ್ಚಿಯನ್ನು ದಾಟಿದಳು, ಎಂಥ ವೇಗ!" ಎಂದು ಆ ಭಾಷೆಯಲ್ಲಿ ಗಂಟಲು ಹರಿಯುವಂತೆ ಕೂಗಿಬಿಟ್ಟ.

ಆಚೆಯಿಂದ ಅಜ್ಜಿ ಮೊಮ್ಮಗನಿಗೆ ಮೆಲ್ಲಗೆ ಏನೋ ಹೇಳಿದಳು. ಏನಂತೆ ಎಂದು ಎಲ್ಲರೂ ಪೀಡಿಸಿದ ಮೇಲೆ ಏಣಿ ಕೆಂಪಾಗಿ, "ಅವರನ್ನ ಯಾರಾದ್ರೂ ಹೊಡೀತಿದಾರಾ ಅಂತ ಕೇಳ್ತಾರೆ," ಎಂದ.

ಮಗಳು ಹೊಟ್ಟೆ ಹಿಡಿದು ನಕ್ಕಳು. ನಗು ಮುಗಿದ ಮೇಲೆ ಅವಳ ಮುಖ ಬಾಡಿತು. ಅಪ್ಪನ ಪಕ್ಕ ಬಂದು ಕೂತು, ಅವನ ಇಸ್ತ್ರಿ ಅಂಗಿಯ ತೋಳು ಸವರುತ್ತಾ ಹೇಳಿದಳು: "ಬಿಡಪ್ಪ. ಅವತ್ತು ಸುಮ್ನೆ ಪಕ್ಕದಲ್ಲಿ ಕೂತು ನಗ್ತಾ ಇರು, ಸಾಕು."

ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ರೇಡಿಯೋ ಹಚ್ಚಲಿಲ್ಲ. ಮಗಳ ಕೈಯಲ್ಲಿ ಎರಡು ಮರ್ಯಾದೆಯ ಮಾತು ಹೇಳಿಸಿಕೊಂಡ: ಬನ್ನಿ, ಕೂತ್ಕೊಳ್ಳಿ ಎಂಬುದೊಂದು, ಪ್ರಯಾಣ ಸುಖವಾಗಿತ್ತೇ ಎಂಬುದೊಂದು. ಅವೆರಡನ್ನೇ ಸಣ್ಣ ದನಿಯಲ್ಲಿ ನಾದಿದ. ಬೇಕರಿ ಬಿಕೋ ಎನ್ನುತ್ತಿತ್ತು. ಕೊನೆಗೆ ಹೆಂಡತಿಯೇ ಒಳಗೆ ಇಣುಕಿ, ಜಗಳವಾದರೂ ಇದ್ದರೆ ಚೆನ್ನಾಗಿತ್ತು ಎಂದು ಹೇಳಿ ಹೋದಳು.

ಮದುವೆಯ ದಿನ ಅಜ್ಜಿಯ ವಿಮಾನ ತಡವಾಯಿತು. ಏಣಿ ಅವಳನ್ನು ನಿಲ್ದಾಣದಿಂದ ನೇರ ನೋಂದಣಿ ಕಚೇರಿಗೇ ಕರೆತಂದ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಬೆಂಚು, ಆ ತುದಿಯಲ್ಲಿ ಹಸಿರು ಬಟ್ಟೆ ಹಾಸಿದ ಮೇಜು. ಸೇತುವೆಯ ಗೆಳೆಯರು, ಬೀದಿಯವರು, ಮೇಷ್ಟ್ರು ಎಲ್ಲ ಸೇರಿ ಕೋಣೆ ತುಂಬಿತ್ತು. ಬಾಗಿಲಲ್ಲಿ ಮೊಮ್ಮಗನ ತೋಳು ಹಿಡಿದ ಪುಟ್ಟ ಮುದುಕಿಯೊಬ್ಬಳು ಕಂಡಳು. ಅವಳ ಇನ್ನೊಂದು ಕೈಯಲ್ಲಿ ಬಿಳಿ ಕೋಲಿತ್ತು. ಏಣಿಯ ಕಣ್ಣು ಕೆಂಪಾಗಿತ್ತು. ಅಜ್ಜಿಯ ಕಣ್ಣು ಪೂರ್ತಿ ಹೋಗಿದ್ದು ಅವನಿಗೂ ಅವತ್ತೇ ಗೊತ್ತಾದದ್ದು. ಹೇಳಿದರೆ ಮದುವೆ ಮುಂದೆ ಹಾಕುತ್ತಾನೆ ಎಂದು ಅವಳು ಫೋನಿನಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಪಯಣವಿಡೀ ವಿಮಾನದ ಸಿಬ್ಬಂದಿಯ ಕೈ ಹಿಡಿದು ಬಂದಿದ್ದಳು.

ಬೇಕರಿಯಣ್ಣ ತನ್ನ ಎರಡೂ ಮಾತುಗಳನ್ನು ತಪ್ಪಿಲ್ಲದೆ ಒಪ್ಪಿಸಿದ. ಅಜ್ಜಿ ದನಿ ಬಂದ ಕಡೆಗೆ ತಲೆ ಬಾಗಿಸಿ, ಸುದೀರ್ಘವಾಗಿ ಏನೋ ಉತ್ತರ ಕೊಟ್ಟಳು. ಅವನು ನಕ್ಕ. ಆ ನಗು ಅವಳಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು. ಮಗಳು ಅವನಿಗೆ ಉಳಿಸಿದ್ದ ಒಂದೇ ಕೆಲಸ ಅದಾಗಿತ್ತು.

ಅಧಿಕಾರಿ ಹೆಸರು ಕೂಗಿದ, ಹುಡುಗ ಹುಡುಗಿ ಮೇಜಿನ ಬಳಿಗೆ ಹೋದರು. ಅಜ್ಜಿ ಬೆಂಚಿನ ಮೇಲೆ ಕೋಲನ್ನು ಮಂಡಿಗೆ ಆನಿಸಿ ನೆಟ್ಟಗೆ ಕೂತಳು. ಸುತ್ತ ಸೀರೆಗಳ ಸರಬರ, ಕುರ್ಚಿ ಎಳೆಯುವ ಸದ್ದು, ಪಿಸುಮಾತು, ನಗು. ಅವಳ ಮುಖ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿತು. ಯಾರನ್ನೂ ಕುರಿತಲ್ಲದೆ ಏನೋ ಕೇಳಿದಳು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಮ್ಮೆ, ತಗ್ಗಿದ ದನಿಯಲ್ಲಿ ಕೇಳಿ, ತುಟಿ ಮುಚ್ಚಿ, ತಲೆ ಬಗ್ಗಿಸಿದಳು. ಇಳಿಸಿಟ್ಟ ಗಂಟಿನ ಹಾಗೇ ಕಂಡಳು.

ಅವಳು ಕೇಳಿದ ಮಾತಿನಲ್ಲಿ ಬೇಕರಿಯಣ್ಣನಿಗೆ ಒಂದು ಪದವೂ ತಿಳಿಯಲಿಲ್ಲ. ಆದರೆ ಏನು ಕೇಳಿದಳೆಂದು ಚೆನ್ನಾಗಿ ತಿಳಿಯಿತು. ಅಲ್ಲಿ ಏನು ನಡೀತಿದೆ ಎಂಬುದನ್ನು ಬಿಟ್ಟು ಅವಳು ಇನ್ನೇನು ಕೇಳಿಯಾಳು? ಅವನು ಅವಳ ಪಕ್ಕಕ್ಕೆ ಸರಿದು ಕೂತು, ಅವಳ ಕಿವಿಗೆ ಬಾಗಿದ.

"ಹುಡುಗಿ ಮುನ್ನುಗ್ಗುತ್ತಿದ್ದಾಳೆ," ಎಂದ ಅವಳ ಭಾಷೆಯಲ್ಲಿ. "ಅವಳ ಎಡಕ್ಕೆ ಹುಡುಗ. ತುಂಬ ಎತ್ತರ. ಎದುರಿಗೆ ಒಬ್ಬ ದಪ್ಪ ಮನುಷ್ಯ, ಅವನನ್ನು ದಾಟುವುದು ಸುಲಭವಲ್ಲ."

ಅಜ್ಜಿಯ ತಲೆ ಸರಕ್ಕನೆ ಮೇಲೆದ್ದಿತು. ಅವಳ ಕೈ ತಡಕಾಡಿ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

ಆಮೇಲೆ ಅವನನ್ನು ನಿಲ್ಲಿಸುವವರಿರಲಿಲ್ಲ. ದಪ್ಪ ಮನುಷ್ಯ ಕನ್ನಡಕ ಹಾಕಿದ, ತೆಗೆದ, ಮತ್ತೆ ಹಾಕಿದ. ಸಮಯ ಹಾಳು ಮಾಡುತ್ತಿದ್ದಾನೆ, ಜನ ಸಹಿಸುತ್ತಿಲ್ಲ. ಹುಡುಗ ಬೆವರು ಒರೆಸಿಕೊಂಡ, ಅನುಭವ ಸಾಲದು. ಹುಡುಗಿ ಶಾಂತವಾಗಿದ್ದಾಳೆ, ನಾಯಕಿಯಂತೆ ನಿಂತಿದ್ದಾಳೆ. ಪೆನ್ನಿಗೆ ಆ ಭಾಷೆಯಲ್ಲಿ ಏನನ್ನುತ್ತಾರೆಂದು ಅವನಿಗೆ ತಿಳಿಯದು. ಹಾಗಾಗಿ ಚೆಂಡು ಈಗ ಹುಡುಗನ ಕೈಗೆ ಬಂದಿದೆ ಎಂದ. ಮೇಜಿನ ಬಳಿ ಏಣಿಯ ಭುಜ ಕುಲುಕಿದ್ದು ಕಂಡಿತು. ಹುಡುಗ ಬಾಗಿದ, ಗುರಿಯಿಟ್ಟ, ಅಯ್ಯೋ, ಚೆಂಡು ಬರೆಯುತ್ತಿಲ್ಲ. ದೊಡ್ಡ ಅವಕಾಶ ಕೈ ತಪ್ಪಿತು. ಬೇಕರಿಯಣ್ಣನ ದನಿ ಕಿವಿಯಿಂದ ಕೋಣೆಗೆ ಏರಿಬಿಟ್ಟಿತ್ತು. ಅಧಿಕಾರಿ ಕನ್ನಡಕದ ಮೇಲಿಂದ ದುರುಗುಟ್ಟಿ ನೋಡಿದ. ದಪ್ಪ ಮನುಷ್ಯ ನಮ್ಮನ್ನು ನೋಡುತ್ತಿದ್ದಾನೆ, ಎಚ್ಚರಿಕೆ ಕೊಡಬಹುದು ಎಂದು ಅದನ್ನೂ ವರದಿ ಮಾಡಿದ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಬೆಂಚಿನ ತುದಿಗೆ ಜರುಗಿ ಕೂತಿದ್ದಳು. ಅವಳ ಕೋಲು ಯಾವಾಗಲೋ ನೆಲಕ್ಕೆ ಬಿದ್ದಿತ್ತು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಮೇಷ್ಟ್ರು ಎದ್ದು ಹೋಗಿ ತಮ್ಮ ಜೇಬಿನ ಪೆನ್ನು ಕೊಟ್ಟರು. ಹೊಸ ಚೆಂಡು ಬಂತು. ಹುಡುಗ ಬರೆದ, ಈ ಸಲ ತಪ್ಪಲಿಲ್ಲ. ಈಗ ಹುಡುಗಿ. ಹುಡುಗಿ ಚೆಂಡು ಹಿಡಿದಳು, ಬಾಗಿದಳು, ಬರೆಯುತ್ತಿದ್ದಾಳೆ, ಬರೆಯುತ್ತಿದ್ದಾಳೆ, ಬರೆದಳು.

ಮಗಳು ಪೆನ್ನು ಕೆಳಗಿಟ್ಟು ತಿರುಗಿದಳು. ಅಷ್ಟು ಜನರ ನಡುವೆ ಅವಳು ನೇರವಾಗಿ ಅಪ್ಪನ ಕಡೆಗೇ ನೋಡಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಕೋಣೆಯ ತುಂಬ ಚಪ್ಪಾಳೆ ಎದ್ದಿತು, ಸೇತುವೆಯ ಹುಡುಗರು ಸಿಳ್ಳೆ ಹಾಕಿದರು.

ಅಜ್ಜಿಯ ಹೆಬ್ಬೆರಳು ಅವನ ಮಣಿಕಟ್ಟನ್ನು ಒತ್ತಿತು, ಆಮೇಲೆ, ಆಮೇಲೆ ಎನ್ನುವಂತೆ. ಬೇಕರಿಯಣ್ಣ ಬಾಯಿ ತೆರೆದ. ಯಾವ ಭಾಷೆಯೂ ಹೊರಡಲಿಲ್ಲ. ಚೆಂಡು ಬಲೆ ಸೇರಿದ ಮೇಲೆ ರೇಡಿಯೋದವನೂ ಹಾಗೆಯೇ ಸ್ವಲ್ಪ ಹೊತ್ತು ಸುಮ್ಮನಾಗಿಬಿಡುತ್ತಿದ್ದ, ಮೈದಾನದ ಗದ್ದಲವೊಂದೇ ಕೇಳಲಿ ಎಂದು.

ಅಜ್ಜಿ ಕಾದಳು. ಆಮೇಲೆ ಅವಳ ಬೆರಳು ಒತ್ತುವುದನ್ನು ನಿಲ್ಲಿಸಿತು. ಅವನ ಕೈಯನ್ನು ಬಿಡದೆ, ಮುಖವನ್ನು ಚಪ್ಪಾಳೆಯ ಕಡೆಗೆ ಎತ್ತಿ, ಅವಳು ಕೇಳಿಸಿಕೊಳ್ಳುತ್ತಾ ಕೂತಳು.